ಕಾಣೆಯಾದ ಲೇಯರು, ನಿಂತುಹೋದ ಜಲ

ಆಟಿ ತಿಂಗಳ ಜಡಿಮಳೆಯಲ್ಲಿ ಕಾಫಿ ಎಸ್ಟೇಟಿನ ಕೂಲಿಯವರ ಲೈನಿನ ಕೊನೆಯ ಮನೆಗೆ ಹೋದಾಗಲೆಲ್ಲ ನಾನು ಮೊದಲು ನೋಡುತ್ತಿದ್ದದ್ದು ಅಡುಗೆಮನೆಯ ನೆಲವನ್ನು. ನೆಲದ ನಡುವೆ ಗೇಣಗಲದ ಒಂದು ಕಾಲುವೆ. ಮಳೆ ಬಲಿತಾಗ ಹಿಂದಿನ ಗೋಡೆಯ ಬುಡದಲ್ಲಿ ಜಲ ಒಡೆಯುತ್ತಿತ್ತು. ಆ ನೀರು ಒಲೆಯ ಪಕ್ಕದಲ್ಲೇ ಹರಿದು, ಹೊಸಿಲ ಕೆಳಗಿನ ತೂತಿನಿಂದ ಅಂಗಳಕ್ಕೆ ಇಳಿಯುತ್ತಿತ್ತು. ಮನುಷ್ಯರು ಅನ್ನ ಬೇಯಿಸುವ ಜಾಗದ ಮಧ್ಯೆ ಬೆಟ್ಟದ ನೀರು ಹರಿಯುವುದನ್ನು ಎಸ್ಟೇಟಿನವರು ‘ವ್ಯವಸ್ಥೆ’ ಎನ್ನುತ್ತಿದ್ದರು. ನಾನು ಅದನ್ನು ಅನ್ಯಾಯವೆಂದೆ. ಇಂದಿಗೂ ಹಾಗೆಯೇ ಎನ್ನುತ್ತೇನೆ. ಸಾಹುಕಾರರ ಬಂಗಲೆ ದಿಣ್ಣೆಯ ಗಟ್ಟಿ ನೆಲದ ಮೇಲಿದೆ, ಕೆಲಸದವರ ಲೈನು ಇಳಿಜಾರಿನ ಬುಡದಲ್ಲಿದೆ. ಎರಡೂ ಜಾಗಗಳನ್ನು ಆರಿಸಿದ ಕೈ ಒಂದೇ.

ಹಿಂದಿನ ಬೇಸಿಗೆಯಲ್ಲಿ ಆ ಇಳಿಜಾರಿನ ಮೇಲ್ಭಾಗವನ್ನು ಯಂತ್ರ ತರಿಸಿ ಕಡಿದಿದ್ದರು. ಹೋಮ್‌ಸ್ಟೇಗೆ ಬರುವ ಕಾರುಗಳು ನಿಲ್ಲಬೇಕಿತ್ತು. ತೆಗೆದ ಮಣ್ಣನ್ನು ಮಳೆನೀರು ಹರಿದುಹೋಗುವ ಪಕ್ಕದ ತೋಡಿಗೆ ತಳ್ಳಿದರು. ಕೇಳಿದವರಿಗೆ ತೋಟಕ್ಕಾಗಿ ನೆಲ ಸಮ ಮಾಡುತ್ತಿದ್ದೇವೆ ಎಂಬ ಉತ್ತರ ಸಿಕ್ಕಿತು. ಕಾಫಿ ಕೊಯ್ಲಿಗೆ ಬಂದವರು ಮಳೆಗೆ ಮೊದಲೇ ಊರಿಗೆ ಮರಳಿದ್ದರಿಂದ ಲೈನಿನ ಉಳಿದ ಕೋಣೆಗಳು ಖಾಲಿ. ಕೊನೆಯ ಮನೆಯಲ್ಲಿ ಮಾತ್ರ ವರ್ಷವಿಡೀ ದುಡಿಯುವ ಒಬ್ಬಾಕೆ ಮತ್ತು ನಡೆಯಲಾರದ ಅವಳ ಅತ್ತೆ ಇದ್ದರು. ಮಳೆ ಮುಗಿಯುವ ತನಕ ಇವರಿಬ್ಬರಿಗೆ ದಿಣ್ಣೆಯ ಮೇಲಿನ ಗೋಡೌನಿನಲ್ಲಿ ಜಾಗ ಕೊಡಿಸಬೇಕು ಎಂಬುದೊಂದೇ ಕೂಲಿಯವರ ಪರವಾಗಿ ಓಡಾಡುವ ನಮ್ಮ ಸಮಿತಿಯ ಬೇಡಿಕೆಯಾಗಿತ್ತು. ಪಂಚಾಯಿತಿ ಸಭೆಯಲ್ಲಿ ಅದನ್ನು ಮಂಡಿಸಲು ಒಂದು ನಕ್ಷೆ ಬೇಕಾಗಿತ್ತು, ಮತ್ತು ನಕ್ಷೆ ಬರೆಯುವುದು ನನ್ನ ಪಾಲಿಗೆ ಬಂದಿತ್ತು.

ನಮ್ಮ ಪೋಸ್ಟರುಗಳನ್ನೆಲ್ಲ ನಾನು ಕಂಪ್ಯೂಟರಿನಲ್ಲೇ ಬರೆಯುತ್ತೇನೆ. ಚಿತ್ರ ಬರೆಯುವ ಆ ತಂತ್ರಾಂಶದಲ್ಲಿ ಗಾಜಿನ ಹಾಳೆಗಳನ್ನು ಒಂದರ ಮೇಲೊಂದು ಇಟ್ಟಂತೆ ಲೇಯರುಗಳಿರುತ್ತವೆ. ಬೇಕಾದುದನ್ನು ತೋರಿಸಬಹುದು, ಬೇಡವಾದುದನ್ನು ಮರೆಮಾಡಬಹುದು. ಮನೆಗಳಿಗೊಂದು ಲೇಯರು, ಕಡಿದ ಬೆಟ್ಟಕ್ಕೊಂದು, ಜಲ ಒಡೆಯುವ ಜಾಗಗಳಿಗೊಂದು ಮಾಡಿದ್ದೆ. ನೀರಿನ ಚುಕ್ಕೆಗಳಿಗೆ ಆಟಿಯ ಹದಿನೆಂಟನೇ ದಿನ ನಮ್ಮಲ್ಲಿ ಮಾಡುವ ಮದ್ದುಸೊಪ್ಪಿನ ಪಾಯಸದ ಕಡುನೇರಳೆ ಬಣ್ಣ ಕೊಟ್ಟಿದ್ದೆ, ಸಭೆಯ ಹಿಂದಿನ ಸಾಲಿನಲ್ಲಿ ಕುಳಿತವರಿಗೂ ಕಾಣಲಿ ಎಂದು.

ಸಭೆ ಮಧ್ಯಾಹ್ನಕ್ಕಿತ್ತು. ಬೆಳಿಗ್ಗೆಯೇ ಲ್ಯಾಪ್‌ಟಾಪ್ ಹೊತ್ತು ಲೈನಿಗೆ ಹೋದೆ. ಯಾರ ಬದುಕಿನ ಬಗ್ಗೆ ಮಾತನಾಡುತ್ತೇವೆಯೋ ಅವರಿಗೆ ತೋರಿಸದೆ ಏನನ್ನೂ ಸಭೆಗೆ ಒಯ್ಯಬಾರದೆಂಬುದು ನಾನು ಓದಿದ ಶಾಲೆ ಕಲಿಸಿದ ಅಭ್ಯಾಸ. ಮಳೆ ಒಂದೇ ಸಮನೆ ಸುರಿಯುತ್ತಿತ್ತು. ಬಾಗಿಲು ತಳ್ಳಿದರೆ ಅಲುಗಲಿಲ್ಲ.

“ಭುಜ ಕೊಡಿ ಮೇಡಂ, ಭುಜ!” ಒಳಗಿನಿಂದ ಮನೆಯಾಕೆ ಕೂಗಿದಳು. “ಎರಡು ದಿನ ಆಯ್ತು, ಹೀಗೇ ಹಟ ಮಾಡ್ತದೆ. ಮಳೆಗೆ ಮರ ಉಬ್ಬಿ ಬಿಟ್ಟಿದೆ.”

ನನ್ನನ್ನು ಮೇಡಂ ಎನ್ನಬೇಡಿ ಎಂದು ಎಷ್ಟು ಸಲ ಹೇಳಿದರೂ ಆಕೆ ಕೇಳಿದವಳಲ್ಲ. ಒಳಗೆ ಹಸಿಮಣ್ಣಿನ ವಾಸನೆ ದಟ್ಟವಾಗಿತ್ತು, ಆಗಷ್ಟೇ ಯಾರೋ ಗುಂಡಿ ತೋಡಿದಂತೆ. ಅಡುಗೆಮನೆಯ ಕಾಲುವೆಯಲ್ಲಿ ನೀರಿರಲಿಲ್ಲ. ಅದರೊಳಗೆ ಸಿಲ್ವರ್ ಓಕ್ ಮರದ ಸೌದೆಯನ್ನು ಒಪ್ಪವಾಗಿ ಜೋಡಿಸಿದ್ದಳು.

“ನೋಡಿ, ಈ ಸಲ ಜಲ ನಿಂತೇ ಹೋಯ್ತು! ಮೊನ್ನೆವರೆಗೆ ಬರ್ತಿತ್ತು, ಈಗ ಒಂದು ತೊಟ್ಟಿಲ್ಲ. ಮದುವೆಯಾಗಿ ಬಂದ ಮೇಲೆ ಆಟಿಯಲ್ಲಿ ಒಣ ಕಾಲಲ್ಲಿ ಅಡುಗೆ ಮಾಡಿದ್ದು ಇದೇ ಮೊದಲು.”

“ಒಳ್ಳೇದೇ ಆಯ್ತಲ್ಲ ಅಕ್ಕ,” ಎಂದೆ. ಅವಳ ಸಂತೋಷ ನನಗೂ ತಾಗಿತ್ತು.

ಅಷ್ಟರಲ್ಲಿ ಎಸ್ಟೇಟಿನ ರೈಟರು ಕೊಡೆ ಮಡಚುತ್ತ ಬಂದರು. ಹಾಜರಿ ಹಾಕುವುದು, ಸಾಹುಕಾರರ ಮಾತನ್ನು ಲೈನಿಗೆ ತಲುಪಿಸುವುದು ಅವರ ಕೆಲಸ. ಕೆಟ್ಟವರಲ್ಲ, ಆದರೆ ಮೇಲಿನಿಂದ ಹೇಳಿಸಿಕೊಳ್ಳದೆ ಒಂದು ಬೀಗವನ್ನೂ ತೆರೆದವರಲ್ಲ. ಒಣಗಿದ ಕಾಲುವೆಯನ್ನು ನೋಡಿ ಅವರ ಮುಖ ಅರಳಿತು.

“ನಿಮ್ಮ ಕಂಪ್ಲೇಂಟು ಅರ್ಧ ಮುಗೀತಲ್ಲ ಮೇಡಂ. ನೀರೇ ಇಲ್ಲ ಅಂದ್ಮೇಲೆ ಗೋಡೌನು ಯಾಕೆ, ಮೀಟಿಂಗು ಯಾಕೆ? ನಿಮ್ಮ ಮ್ಯಾಪಲ್ಲಿ ಈ ಮನೆ ಹಿಂದೆ ನೀರಿನ ಗುರುತು ಹಾಕಿದ್ರೆ ತೆಗೀರಿ. ಸುಳ್ಳು ತೋರಿಸುದು ನಿಮಗೂ ಶೋಭೆ ಅಲ್ಲ.”

ಮಾತು ಚುಚ್ಚಿದರೂ ಅದರಲ್ಲೊಂದು ನ್ಯಾಯ ಇದ್ದಂತೆ ಕಂಡಿತು. ಚುಕ್ಕೆಯನ್ನು ತೆಗೆಯುವುದಿಲ್ಲ, ಆದರೆ ‘ಈ ವರ್ಷ ನಿಂತಿದೆ’ ಎಂದು ಪಕ್ಕದಲ್ಲಿ ಬರೆಯುತ್ತೇನೆ ಎಂದು ಹೇಳಿ ಲ್ಯಾಪ್‌ಟಾಪ್ ತೆರೆದೆ.

ನಕ್ಷೆ ಬಂತು. ಮನೆಗಳಿದ್ದವು, ಕಡಿದ ಬೆಟ್ಟವಿತ್ತು. ನೇರಳೆ ಚುಕ್ಕೆಗಳು ಮಾತ್ರ ಇರಲಿಲ್ಲ. ಹಿಂದಿನ ಸಂಜೆ ಮನೆಗಳ ಗೆರೆ ತಿದ್ದುವಾಗ ನೀರಿನ ಲೇಯರನ್ನು ನಾನೇ ಮರೆಮಾಡಿದ್ದೆ. ಅದನ್ನು ಮತ್ತೆ ತೋರಿಸಬೇಕಾದರೆ ಲೇಯರುಗಳ ಪಟ್ಟಿಯಿರುವ ವಿಂಡೋ ಬೇಕು. ಆ ವಿಂಡೋ ಎಲ್ಲಿಯೂ ಇರಲಿಲ್ಲ. ಬಣ್ಣಗಳ ವಿಂಡೋ ಕೂಡ ಕಾಣೆಯಾಗಿತ್ತು. ಪರದೆಯ ಬಲಭಾಗದಲ್ಲಿ ಅವು ಇರಬೇಕಾದ ಜಾಗ ಬೂದಿಬಣ್ಣಕ್ಕೆ ತಿರುಗಿ ಖಾಲಿ ಬಿದ್ದಿತ್ತು.

ಟ್ಯಾಬ್ ಕೀಲಿ ತಾಗಿ ಎಲ್ಲ ಅಡಗಿರಬಹುದೆಂದು ಅದನ್ನು ಒತ್ತಿದೆ. ಕುಂಚಗಳ ಪಟ್ಟಿ ಹೋಯಿತು, ಇನ್ನೊಮ್ಮೆ ಒತ್ತಿದಾಗ ಬಂತು, ಲೇಯರು ಬರಲಿಲ್ಲ. ಮೇಲಿನ ಮೆನುಗಳನ್ನು ಒಂದೊಂದಾಗಿ ತೆರೆದೆ. ಎಲ್ಲವೂ ಇಂಗ್ಲಿಷಿನಲ್ಲೇ. ಕನ್ನಡ ಮಾತ್ರ ಓದಬಲ್ಲವರಿಗೆ ಚಿತ್ರ ಬರೆಯುವ ಹಕ್ಕೇ ಇಲ್ಲವೆಂಬಂತೆ ಇವುಗಳನ್ನು ರೂಪಿಸಿದ್ದಾರೆ ಎಂಬ ಹಳೆಯ ಸಿಟ್ಟು ಆಗಲೂ ಬಂತು. ವಿಂಡೋ ಎಂಬ ಮೆನುವಿನಲ್ಲಿ ಲೇಯರ್ಸ್ ಎಂಬುದರ ಮುಂದೆ ಟಿಕ್ ಗುರುತಿತ್ತು. ಅಂದರೆ ತಂತ್ರಾಂಶದ ಲೆಕ್ಕದಲ್ಲಿ ಆ ವಿಂಡೋ ತೆರೆದೇ ಇತ್ತು. ಟಿಕ್ ತೆಗೆದು ಮತ್ತೆ ಹಾಕಿದೆ. ಬೂದಿಬಣ್ಣ ಕದಲಲಿಲ್ಲ. ಬ್ಯಾಟರಿ ಇಳಿಯುತ್ತಿತ್ತು, ಲೈನಿನಲ್ಲಿ ಕರೆಂಟಿರಲಿಲ್ಲ.

ಚಾಪೆಯ ಮೇಲಿಂದ ಅತ್ತೆ ಕತ್ತೆತ್ತಿದಳು. “ಎಂತ ಮೇಡಂ, ನಿಮ್ಮ ಪೆಟ್ಟಿಗೆಯಲ್ಲೂ ಜಲ ನಿಂತೋಯ್ತಾ?”

ರೈಟರು ಗಟ್ಟಿಯಾಗಿ ನಕ್ಕರು. ನಾನೂ ನಕ್ಕೆ. ಮೇಲೆಲ್ಲೋ ಒಂದು ಕಲ್ಲು ಉರುಳಿದ ಸದ್ದು ಕೇಳಿಸಿತು.

ಹೊಸಿಲ ಮೇಲೆ ನಿಂತರೆ ಮಾತ್ರ ಮೊಬೈಲಿಗೆ ಸಿಗ್ನಲ್. ಅಲ್ಲಿ ನಿಂತು, ಇದೇ ತಂತ್ರಾಂಶದಲ್ಲಿ ಚಿತ್ರ ಬರೆಯುವ ಶ್ರೀಮಂಗಲದ ಗೆಳತಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿದೆ.

“ಟಿಕ್ ಉಂಟಾ?” ಎಂದು ಕೇಳಿದಳು.

“ಉಂಟು. ವಿಂಡೋ ಇಲ್ಲ.”

“ಟಿಕ್ ಇದ್ರೆ ಅದು ಇದ್ದೇ ಇರ್ತದೆ. ನಿನ್ನೆ ಎಲ್ಲಿ ಕೂತು ಮಾಡಿದ್ದು?”

“ವಾಚನಾಲಯದಲ್ಲಿ. ಅಲ್ಲಿನ ದೊಡ್ಡ ಸ್ಕ್ರೀನು ಸಿಕ್ಕಿಸ್ಕೊಂಡಿದ್ದೆ.”

“ಹಾಗೆ ಹೇಳು! ಆ ವಿಂಡೋಗಳನ್ನ ಎಳೆದು ಆ ಸ್ಕ್ರೀನಲ್ಲಿ ಇಟ್ಟಿದ್ದೀಯ. ನೀನು ವೈರು ಕಿತ್ಕೊಂಡು ಬಂದ್ರೂ ಅವು ಅಲ್ಲೇ ಕೂತಿವೆ ಮಾರಾಯ್ತಿ. ಎಲ್ಲಿಗೂ ಹೋಗ್ಲಿಲ್ಲ. ನಿನಗೆ ಕಾಣದ ಕಡೆ ಉಂಟು, ಅಷ್ಟೇ. ವರ್ಕ್‌ಸ್ಪೇಸ್ ಅಂತ ಉಂಟಲ್ಲ, ಅದನ್ನ ರೀಸೆಟ್ ಮಾಡು, ಓಡಿ ಬರ್ತವೆ.”

ಒಳಗೆ ಬಂದು ರೀಸೆಟ್ ಒತ್ತಿದೆ. ಬಣ್ಣ, ಕುಂಚ, ಲೇಯರು, ಎಲ್ಲ ವಿಂಡೋಗಳೂ ಬಲಬದಿಯಲ್ಲಿ ಬಂದು ಸಾಲಾಗಿ ನಿಂತವು. ನೀರು ಎಂಬ ಲೇಯರಿನ ಮುಂದಿನ ಕಣ್ಣಿನ ಗುರುತು ಮುಚ್ಚಿತ್ತು. ಅದನ್ನು ತೆರೆದೆ. ನೇರಳೆ ಚುಕ್ಕೆಗಳು ಒಮ್ಮೆಲೇ ಮೂಡಿದವು. ನಾವು ಕುಳಿತಿದ್ದ ಅಡುಗೆಮನೆಯ ಗೋಡೆಯ ಹಿಂದೆ ಎಲ್ಲಕ್ಕಿಂತ ದೊಡ್ಡ ಚುಕ್ಕೆ.

ಅದರ ಪಕ್ಕದಲ್ಲಿ ‘ನಿಂತಿದೆ’ ಎಂದು ಬರೆಯಲು ಹೋದ ಕೈ ಮುಂದುವರಿಯಲಿಲ್ಲ. ಗೆಳತಿಯ ಮಾತು ಕಿವಿಯಲ್ಲಿತ್ತು: ಎಲ್ಲಿಗೂ ಹೋಗಲಿಲ್ಲ, ಕಾಣದ ಕಡೆ ಉಂಟು. ಹೊರಗೆ ಮಳೆ ಒಂದು ಗಳಿಗೆಯೂ ಬಿಟ್ಟಿರಲಿಲ್ಲ. ಈ ಗೋಡೆಯ ಬುಡದಲ್ಲಿ ಪ್ರತಿವರ್ಷ ಹೊರಬರುತ್ತಿದ್ದ ನೀರು ಎರಡು ದಿನಗಳಿಂದ ಬಂದಿಲ್ಲವೆಂದರೆ ಅದು ಬೆಟ್ಟದೊಳಗೇ ಎಲ್ಲೋ ತುಂಬುತ್ತಿರಬೇಕು. ಬಾಗಿಲು ಬಿಗಿದದ್ದೂ ಎರಡು ದಿನಗಳಿಂದ. ಮರ ಉಬ್ಬಿದ್ದರೆ ಬಾಗಿಲು ಇಡೀ ಚೌಕಟ್ಟಿಗೆ ಬಿಗಿಯಬೇಕಿತ್ತು. ಎದ್ದು ನೋಡಿದೆ: ಒಂದು ಮೂಲೆಯಲ್ಲಿ ಬಿಗಿದು, ಎದುರು ಮೂಲೆಯಲ್ಲಿ ಬೆರಳು ತೂರುವಷ್ಟು ಸಂದು. ಚೌಕಟ್ಟೇ ವಾಲಿತ್ತು, ಅಂದರೆ ಅಡಿಯ ನೆಲ ಸರಿಯುತ್ತಿತ್ತು.

“ರೈಟ್ರೇ, ಜಲ ನಿಂತಿದೆ ಅಂದ್ರಲ್ಲ, ಆ ನೀರು ಈಗ ಎಲ್ಲಿದೆ?”

ಅವರು ಗೋಡೆಯನ್ನು ನೋಡಿದರು, ಆಮೇಲೆ ಸೌದೆಯನ್ನು. “ಮೇಲೆ ತೋಡಿಗೂ ಮಣ್ಣು ಹಾಕಿದ್ದಾರೆ,” ಎಂದರು ಮೆಲ್ಲನೆ. ಅವರ ಬಾಯಿಂದ ಆ ಮಾತು ಮೊದಲ ಸಲ ಬಂದಿತ್ತು.

“ಅಕ್ಕ, ಈಗಲೇ ಹೊರಡುವ. ಗೋಡೌನಿಗೆ.”

“ಮೀಟಿಂಗಲ್ಲಿ ಹೇಳಿದ ಮೇಲಲ್ವಾ ಮೇಡಂ?”

“ಮೀಟಿಂಗು ಆಗುವವರೆಗೆ ಈ ಬೆಟ್ಟ ಜಾರದೆ ಕಾಯ್ತದೆ ಅಂತ ಯಾರು ಹೇಳಿದ್ದು?”

ರೈಟರು ಕೊಡೆಯ ಹಿಡಿಯನ್ನು ತಿರುಗಿಸುತ್ತಿದ್ದರು. “ಸಾವ್ಕಾರ್ರು ಬೆಂಗ್ಳೂರಲ್ಲಿದ್ದಾರೆ. ಫೋನು ತಾಗುದಿಲ್ಲ. ಕೇಳದೆ ಗೋಡೌನು ತೆಗೆದ್ರೆ ನನ್ನ ಕೆಲಸ...”

ಆಕೆ ಬಗ್ಗಿ, ಕಾಲುವೆಯಿಂದ ಎರಡು ಸೌದೆ ಎತ್ತಿ, ಅಡಿಯ ಮಣ್ಣನ್ನು ಅಂಗೈಯಿಂದ ಸವರಿದಳು. ಎದ್ದು ನಿಂತು ಕೇಳಿದಳು: “ರೈಟ್ರೇ, ಇವತ್ತು ನೀವು ಇಲ್ಲಿ ಮಲಗ್ತೀರಾ?”

ಅವರು ಜೇಬಿಗೆ ಕೈ ಹಾಕಿ ಬೀಗದ ಕೈ ಗೊಂಚಲನ್ನು ಹೊರತೆಗೆದು ನನ್ನ ಕೈಗಿಟ್ಟರು. ಬಳಿಕ ಚಾಪೆಯ ಬಳಿ ಕುಕ್ಕರಿಸಿ, ಹೊತ್ತೊಯ್ಯಲು ಮುದುಕಿಗೆ ಬೆನ್ನು ಕೊಟ್ಟರು.

“ಇವತ್ತಿನ ಹಾಜರಿ ನನಗೂ ಹಾಕ್ತೀರಲ್ಲ?” ಎಂದು ಅವರ ಕಿವಿಯ ಬಳಿಯೇ ಅತ್ತೆ ಕೇಳಿದಳು. ಅವಳಂಥ ಹೆಂಗಸರಿಗೆ ಗಂಡಸರಿಗಿಂತ ಕಡಿಮೆ ಕೂಲಿ ಕೊಟ್ಟು ದುಡಿಸಿದ ಎಸ್ಟೇಟು ಅದು. ಆ ಪ್ರಶ್ನೆಯನ್ನು ನಾನು ತಮಾಷೆಯೆಂದು ತೆಗೆದುಕೊಳ್ಳಲಿಲ್ಲ. “ಹಾಕ್ತೇನೆ ಅಜ್ಜಿ, ಗಟ್ಟಿ ಹಿಡ್ಕೊಳ್ಳಿ,” ಎಂದರು ರೈಟರು.

ಬಟ್ಟೆಯ ಗಂಟು, ಅಕ್ಕಿ, ರೇಷನ್ ಕಾರ್ಡು, ಎರಡು ಪಾತ್ರೆ. ಬಾಗಿಲು ಮುಚ್ಚಲು ಆಕೆ ಎಳೆದಳು. ಅದು ಅರ್ಧಕ್ಕೇ ನಿಂತಿತು. ಹಾಗೆಯೇ ಬಿಟ್ಟು ಬಂದೆವು. ಕಾಫಿ ಗಿಡಗಳ ನಡುವಿನ ದಾರಿಯಲ್ಲಿ ದಿಣ್ಣೆ ಹತ್ತಿದೆವು.

ಗೋಡೌನಿನ ಜಗಲಿಯಿಂದ ಲೈನು ಪೂರ್ತಿ ಕಾಣುತ್ತಿತ್ತು. ಖಾಲಿ ಗೋಣಿಗಳ ಮೇಲೆ ಅತ್ತೆಯನ್ನು ಕೂರಿಸಿ ರೈಟರು ಸಾಹುಕಾರರಿಗೆ ಮತ್ತೆ ಫೋನು ಹಚ್ಚಿದರು. ಈ ಸಲ ತಾಗಿತು. “ಹೌದು, ಕೇಳದೆ ತೆಗೆದೆ... ಹೌದು, ನಾನೇ,” ಎನ್ನುತ್ತಿದ್ದರು.

“ಮೇಡಂ, ಅಲ್ಲಿ ನೋಡಿ,” ಎಂದಳು ಆಕೆ.

ಮನೆಯ ಮುಂದಿನ ಅಂಗಳದಲ್ಲಿ, ಸ್ವಲ್ಪ ಹೊತ್ತಿನ ಮೊದಲು ನಾನು ಫೋನಿನಲ್ಲಿ ಮಾತನಾಡಿದ ಹೊಸಿಲಿನಿಂದ ನಾಲ್ಕು ಮಾರು ಕೆಳಗೆ, ನೆಲದಿಂದ ನೀರು ಏಳುತ್ತಿತ್ತು. ಪ್ರತಿವರ್ಷದ ತಿಳಿನೀರಲ್ಲ. ಕೆಂಪಗೆ, ಮಂದವಾಗಿ, ಸಣ್ಣ ಕಲ್ಲುಗಳನ್ನು ಹೊರಳಿಸುತ್ತ ಬರುತ್ತಿತ್ತು. ಲೈನಿನ ಮೇಲಿನ ಸಿಲ್ವರ್ ಮರಗಳಲ್ಲಿ ಒಂದು, ಗಾಳಿಯಿಲ್ಲದೆಯೂ, ಉಳಿದವುಗಳಿಗಿಂತ ಬೇರೆ ಕಡೆಗೆ ಬಾಗಿತ್ತು.

ನಾನು ಲ್ಯಾಪ್‌ಟಾಪ್ ತೆರೆದು ನೀರಿನ ಲೇಯರಿನಲ್ಲಿ ಹೊಸ ಚುಕ್ಕೆ ಇಟ್ಟೆ. ಸಭೆಗೆ ಇನ್ನೂ ಹೊತ್ತಿತ್ತು.

“ಅಲ್ಲಲ್ಲ, ಇನ್ನೂ ಸ್ವಲ್ಪ ಈಚೆಗೆ,” ಎಂದು ಆಕೆ ಪರದೆಯ ಮೇಲೆ ಬೆರಳಿಟ್ಟು ತೋರಿಸಿದಳು. ನಾನು ಸರಿಪಡಿಸಿದೆ. ಅವಳು ತಲೆಯೆತ್ತಿ ಮತ್ತೆ ಕೆಳಗೆ ನೋಡಿದಳು. ಬೆರಳು ಪರದೆಯ ಮೇಲೆಯೇ ಇತ್ತು. ಆಮೇಲೆ ಅದನ್ನು ನಿಧಾನವಾಗಿ ನಕ್ಷೆಯಲ್ಲಿನ ತನ್ನ ಮನೆಯ ಮೇಲಕ್ಕೆ ಸರಿಸಿದಳು.

“ಇಲ್ಲಿಗೂ ಒಂದು ಚುಕ್ಕೆ ಹಾಕಿ ಮೇಡಂ. ಈ ಮನೆಯೂ ಇನ್ನು ನೀರಿನದ್ದೇ.”