ಲಾಲಬಿಯ ಕೆನ್ನೆಯ ಕಲೆಗಳು

ಮಕ್ತುಮಸಾಬ ಗದಗಿನ ನಾಟಕ ಕಂಪನಿಗಳಿಗೆ ಪರದೆ ಬರೆದವನು. ಅವನ ಕಾಡಿನ ಪರದೆ ಇಳಿದರೆ ಮುಂದೆ ಕುಳಿತ ಕೂಸುಗಳು ಹುಲಿ ಬಂದೀತೆಂದು ತಾಯಂದಿರ ಸೆರಗು ಹಿಡಿಯುತ್ತಿದ್ದವು. ಅವನ ಮಗ ದಾವಲಸಾಬ ಬೆಟಗೇರಿಯಲ್ಲಿ ಫೋಟೋದ ನೆಗೆಟಿವ್ ಮೇಲೆ ಸಣ್ಣ ಮೊನೆಯ ಪೆನ್ಸಿಲ್ ಆಡಿಸಿ, ಮದುವೆಗೆ ಬಂದ ಹುಡುಗಿಯರ ಮೊಡವೆ ಮರೆಮಾಡಿದವನು. ದಾವಲಸಾಬನ ಮಗ ಶೇಖಸಾಬ. ಲಕ್ಷ್ಮೇಶ್ವರದ ಪೇಟೆಯಲ್ಲಿ ಅವನ ಸ್ಟುಡಿಯೋ. ಪೆನ್ಸಿಲ್ ಹೋಗಿ ಕಂಪ್ಯೂಟರ್ ಬಂದಾಗ ಯಾರಿಂದಲೂ ಹೇಳಿಸಿಕೊಳ್ಳದೆ ಕಲಿತ.

ಸತ್ತವರ ಫೋಟೋ ಸುಧಾರಿಸುವುದರಲ್ಲಿ ಅವನದು ಎತ್ತಿದ ಕೈ. ಯಳವತ್ತಿಯ ಅಂದಪ್ಪ ತಾಯಿಯ ಮಣ್ಣು ಮುಗಿಸಿ ಬಂದು, ಮಸುಕು ಚಿತ್ರವೊಂದನ್ನು ಮುಂದಿಟ್ಟು, "ಮಾಮಾ, ಅವ್ವನ ಕಣ್ಣು ತೆರಸು. ಕೊಳ್ಳಾಗ ಬಂಗಾರ ಹಾಕು. ಬದುಕಿದ್ದಾಗಂತೂ ನನ್ನಿಂದ ಆಗಲಿಲ್ಲ" ಎಂದಿದ್ದ. ಹಾಕಿಕೊಟ್ಟ.

ಹೆಂಡತಿ ಲಾಲಬಿ ಮಾತ್ರ ಕ್ಯಾಮೆರಾ ಕಂಡರೆ ಸೆರಗಿನಲ್ಲಿ ಮುಖ ಮುಚ್ಚುವವಳು. ಚಿಕ್ಕಂದಿನಲ್ಲಿ ಬಂದ ಸಿಡುಬು ಕೆನ್ನೆಯ ಮೇಲೆ ಕಲೆ ಬಿಟ್ಟು ಹೋಗಿತ್ತು. ಮಗಳು ಶಾಹಿಸ್ತಾಳ ಮದುವೆಯ ದಿನ ಅದೇನು ಮನಸ್ಸು ಬಂತೋ, ಎದುರಿಗೆ ಕುಳಿತಳು. ಶೇಖಸಾಬ ಗಿರಾಕಿಗಳ ಮುಖ ತೊಳೆದಂತೆಯೇ ಅವಳ ಮುಖವನ್ನೂ ತೊಳೆದ. ಕಲೆ ಅಳಿಸಿದ, ಕಣ್ಣಡಿಯ ಕಪ್ಪು ತೆಗೆದ. ರೂಢಿಯ ಮೇಲೆ ಮೂಲ ಚಿತ್ರವನ್ನೂ ಕಂಪ್ಯೂಟರಿನಿಂದ ಅಳಿಸಿಬಿಟ್ಟ.

ಲಾಲಬಿ ನೋಡಿ ನಕ್ಕಳು. "ಇಕಿ ಯಾರ್ರೀ? ನನಗ ಸವತಿನ್ನ ತಂದ್ರೇನು?"

"ನೀನ ಅದಿ. ಕನ್ನಡಿ ನೋಡೂದು ಬಿಟ್ಟೀದಿ, ಅದಕ್ಕ ಗುರ್ತು ಸಿಗವಲ್ದು."

ಹೋದ ವರ್ಷ ಲಾಲಬಿ ತೀರಿಕೊಂಡಳು. ಉಳಿದದ್ದು ಅದೊಂದೇ ಚಿತ್ರ; ಆಧಾರ್ ಕಾರ್ಡಿನಲ್ಲಿರುವುದು ಬರೀ ಕಪ್ಪು ನೆರಳು. ಶೇಖಸಾಬ ಹಗಲೆಲ್ಲ ಅದನ್ನೇ ನೋಡಿದ. ನೋಡುತ್ತ ನೋಡುತ್ತ ಮನಸ್ಸಿನಲ್ಲಿದ್ದ ಲಾಲಬಿ ಎದ್ದುಹೋಗಿ, ಆ ನುಣುಪು ಮುಖದವಳೇ ಬಂದು ಕುಳಿತಳು. ಕಲೆಗಳನ್ನು ತಿರುಗಿ ಮೂಡಿಸಹೋದರೆ ಪ್ರತಿ ಸಲವೂ ಬೇರೆ ಯಾರೋ ಹೆಂಗಸು. ಆಮೇಲೆ ಗಿರಾಕಿಗಳ ಮುಖಕ್ಕೂ ಕೈ ಹಚ್ಚದಾದ. ಬಾಗಿಲು ಅರ್ಧ ತೆರೆದಿರುತ್ತದೆ, ಒಳಗೆ ಸುಮ್ಮನೆ ಕುಳಿತಿರುತ್ತಾನೆ.

ಮೊನ್ನೆ ಶಾಹಿಸ್ತಾ ಶಿರಹಟ್ಟಿಯಿಂದ ಬಂದಳು. "ಅಬ್ಬಾ, ರಸೂಲಬಿ ಖಾಲಾ ಅಮ್ಮಿ ಬೆನ್ನಿಗೆ ಹುಟ್ಟಿದಾಕಿ. ಎಲ್ಲೆಲ್ಲಿ ಕಲಿ ಇದ್ವು ಅಂತ ಅಕಿಗೆ ಗೊತ್ತೈತಿ. ಕರಕೊಂಡ ಬರ್ತೇನಿ. ಬಾಜೂಕ ಕುಂತು ಹೇಳ್ತಾಳ, ನೀವು ತಿದ್ರಿ."

ಶೇಖಸಾಬ ಕಂಪ್ಯೂಟರ್ ಆರಿಸಿದ.

"ಬ್ಯಾಡ ಬೇಟಿ. ನಲವತ್ತು ವರ್ಷ ಎದುರಿಗೆ ಕುಂತು ಅಕಿ ನೀಡಿದ್ದು ಉಂಡಾಂವ ನಾನು. ನನ್ನ ಹೇಂತಿ ಮಾರಿ ಹ್ಯಾಂಗಿತ್ತು ಅಂತ ಈಗ ಮಂದೀನ ಕೇಳಲೇನು? ಅಳಿಸಿದಾಂವ ನಾನ. ಯಾರನ್ನೂ ಕರಕೊಂಡ ಬರಬ್ಯಾಡ."