ನುನ್ಸಿಯಾತಾ ಹಾಸಿಗೆ ಕೆಡಿಸಿದ ದಿನ

ನುನ್ಸಿಯಾತಾಳ ಬಗ್ಗೆ ಹೇಳಲೇಬೇಕು. ದುಡಿಯುವವರನ್ನು ಹೊಗಳುವ ಜನ ಬೇಕಾದಷ್ಟಿದ್ದಾರೆ. ದುಡಿದು ದುಡಿದು ಸುಮ್ಮನೆ ಕೂರುವುದನ್ನೇ ಮರೆತವರ ಮಾತು ಯಾರೂ ಎತ್ತುವುದಿಲ್ಲ. ಇನ್ನೊಬ್ಬರ ಅನ್ನ ಉಳಿಯಲಿ ಎಂದು ಇವಳು ಒಂದು ದಿನ ಸುಮ್ಮನೆ ಕೂತಳು. ಅವಳಿಗೆ ಅದು ಸಣ್ಣ ಕೆಲಸವಾಗಿರಲಿಲ್ಲ.

ಅವಳ ಊರು ತೊರ್ರೆ ದೆಲ್ ಗ್ರೆಕೊ. ಮೂವತ್ತಾರು ವರ್ಷ ಬೆಳಗಿನ ಮೊದಲ ರೈಲು ಹತ್ತಿ ಸೊರೆಂತೊಗೆ ಹೋಗಿ, ಅಲ್ಲೊಂದು ವಸತಿಗೃಹದಲ್ಲಿ ದಿನಕ್ಕೆ ಹದಿನಾಲ್ಕು ಕೋಣೆ ಗುಡಿಸಿ ಹಾಸಿಗೆ ಹಾಸಿ ಬರುತ್ತಿದ್ದಳು. ಮೊಣಕಾಲು ಸವೆದಿದ್ದವು. ಚಳಿಗಾಲದಲ್ಲಿ ಬಲಗೈ ಮಣಿಕಟ್ಟು ಊದಿಕೊಳ್ಳುತ್ತಿತ್ತು. ನಿವೃತ್ತಿಯಾದ ವರ್ಷ ಚಿಕ್ಕಪ್ಪನ ಮಗಳು ಮಫಾಲ್ದಾ, “ಎಂಟು ದಿನ ಹಡಗಲ್ಲಿ ಬಿದ್ಕೊಂಡಿರೋಣ ಬಾರೇ” ಎಂದು ಹಠ ಹಿಡಿದು ಹೊರಡಿಸಿದಳು.

ನಾಲ್ಕನೆಯ ದಿನ ಹಡಗು ಮಾಲ್ಟಾ ಬಿಟ್ಟು ಬಾರ್ಸಿಲೋನಾದ ಕಡೆ ಹೊರಟಿತ್ತು. ದಿನವಿಡೀ ಬರೀ ನೀರು. ಇವತ್ತು ವಿಶ್ರಾಂತಿಯ ದಿನ ಎಂದು ಬಾಗಿಲ ಸಂದಿಯಲ್ಲಿ ಚೀಟಿ ತೂರಿಸಿದ್ದರು.

ನುನ್ಸಿಯಾತಾ ಐದಕ್ಕೇ ಎದ್ದಳು. ತನ್ನ ಹಾಸಿಗೆ ಹಾಸಿದಳು. ಬಚ್ಚಲ ಕನ್ನಡಿ ಒರೆಸಿದಳು. ಕೋಣೆ ನೋಡಿಕೊಳ್ಳುವವನು ಹಿಂದಿನ ಸಂಜೆ ಟವೆಲ್ ಮಡಚಿ ಆನೆ ಮಾಡಿ ಇಟ್ಟಿದ್ದ. ಅದನ್ನು ಬಿಚ್ಚಿ ಗೂಟಕ್ಕೆ ಹಾಕಿದಳು. ಆಮೇಲೆ ಮಫಾಲ್ದಾಳ ಹೊದಿಕೆಯ ಅಂಚು ಹಿಡಿದಳು.

“ನಾನಿನ್ನೂ ಒಳಗಿದೀನಿ ಕಣೇ. ನನ್ನೂ ಸೇರಿಸಿ ಮಡಚಿಬಿಡ್ತೀಯಾ?”

“ಏಳು ಹಾಗಾದ್ರೆ.”

“ನಿನ್ನ ಕೈಗೆ ಬೇಡಿ ಹಾಕ್ಬೇಕು” ಎನ್ನುತ್ತಾ ಮಫಾಲ್ದಾ ಎದ್ದಳು.

ಹಡಗಿನ ಮೇಲಿನ ತೆರೆದ ಮಹಡಿಯಲ್ಲಿ ಬಿಸಿಲಿತ್ತು, ಒರಗುವ ಕುರ್ಚಿಗಳಿದ್ದವು. ನುನ್ಸಿಯಾತಾಳಿಗೆ ಒರಗಲಾಗಲಿಲ್ಲ. ಅಕ್ಕಪಕ್ಕದವರು ಬಿಟ್ಟ ಕಾಫಿ ಬಟ್ಟಲುಗಳನ್ನು ಒಂದರ ಮೇಲೊಂದು ಜೋಡಿಸಿದಳು. ಮಫಾಲ್ದಾ ಗದರಿದಾಗ ಮಾತ್ರೆ ತರುವ ನೆವ ಹೇಳಿ ಕೆಳಗೆ ಬಂದಳು.

ಕೋಣೆಯಲ್ಲಿ ಲೋತ್ಫಿ ಕೈ ಇಳಿಬಿಟ್ಟು ನಿಂತಿದ್ದ. ಆನೆ ಮಾಡಿದವನು ಇವನೇ. ಸಮುದ್ರದಾಚೆಯ ಬಿಜೆರ್ತೆ ಎಂಬ ಊರಿನವನು, ನಲವತ್ತು ದಾಟಿದವನು. ಒಂಬತ್ತು ವರ್ಷದಿಂದ ಹಡಗಿನಲ್ಲಿದ್ದ.

“ಸಿನ್ಯೋರಾ, ನನ್ನಿಂದ ಏನಾದ್ರೂ ತಪ್ಪಾಯ್ತಾ?”

“ಯಾಕಪ್ಪಾ?”

“ಮೂರು ದಿನದಿಂದ ಈ ಕೋಣೇಲಿ ನಂಗೆ ಕೆಲ್ಸಾನೇ ಇಲ್ಲ. ಮೊನ್ನೆ ಹಂಸ ಬಿಚ್ಚಿಟ್ರಿ. ಇವತ್ತು ಆನೆ.”

“ನಿನಗೆ ಒಂದು ಕೋಣೆ ಕಮ್ಮಿ ಆಗ್ಲಿ ಅಂತ ಮಾಡ್ದೆ. ಆ ಸೊಂಟನೋವು ನಂಗೊತ್ತು.”

ಲೋತ್ಫಿ ನೆಲ ನೋಡಿದ. “ನಿನ್ನೆ ಮೇಲಿನವರು ಬಂದು ನೋಡಿದ್ರು. ನಿನ್ನ ಕೆಲ್ಸ ಹಿಡಿಸ್ದೆ ಅವರೇ ಮಾಡ್ಕೋತಿದಾರೆ ಅಂದ್ರು. ಹನ್ನೊಂದಕ್ಕೆ ಮತ್ತೆ ಬರ್ತಾರೆ. ಇವತ್ತೂ ಹಿಂಗೇ ಇದ್ರೆ, ಕರಾರು ಮುಗಿಸಿ ಊರಿಗೆ ಹೋದವನು ಅಲ್ಲೇ ಇರು ಅಂತಾರೆ.”

“ನಾನು ಹೇಳ್ತೀನಿ ಅವರಿಗೆ.”

“ಬೇಡಿ. ನಾನೇ ಕಾಲು ಹಿಡಿದು ಹೇಳಿಸ್ದೆ ಅಂದ್ಕೋತಾರೆ.”

“ಮತ್ತೇನ್ ಮಾಡ್ಲಿ?”

“ಕೆಡಿಸಿ.”

ಗಡಿಯಾರದಲ್ಲಿ ಹನ್ನೊಂದಕ್ಕೆ ಕಾಲು ಗಂಟೆ ಇತ್ತು. ಹಾಸಿದ ಹಾಸಿಗೆಯನ್ನು ಬೇಕೆಂದೇ ಕೆಡಿಸಿದವಳಲ್ಲ ಅವಳು. ಹೊದಿಕೆಯ ಒಂದು ಮೂಲೆ ಹಿಡಿದು ಎಳೆದಳು.

“ಮಗು ಮಲಗಿರೋ ಹಾಗೆ ಎಳೀತಿದ್ದೀರಲ್ಲ” ಎಂದ ಲೋತ್ಫಿ. “ಪ್ರಯಾಣಿಕರು ಹಂಗೆ ಏಳಲ್ಲ.”

ಅವಳು ಜೋರಾಗಿ ಎಳೆದಳು. ದಿಂಬು ಉರುಳಿತು. ಟವೆಲ್ ಒದ್ದೆ ಮಾಡಿ ನೆಲಕ್ಕೆ ಹಾಕಿದಳು. ಊರಿಂದ ತಂದ ತರಾಲ್ಲಿಯ ಡಬ್ಬಿ ತೆರೆದು, ಬಳೆಯಾಕಾರದ ಆ ಗರಿಗರಿ ತಿಂಡಿಯೊಂದನ್ನು ತೆಗೆದು ಹಾಸಿಗೆಯ ಮೇಲೆ ಪುಡಿ ಮಾಡಿ ಉದುರಿಸಿದಳು. ಆಮೇಲೆ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು.

“ಸಾಕಾ?”

“ಸಾಕು ಸಾಕು. ಪುಡಿ ಗುಡಿಸೋನು ನಾನೇ ತಾನೇ.”

ಅವನು ಹಾಸಿಗೆಬಟ್ಟೆ ಕೊಡವಿದ. ಅವಳು ಇನ್ನೊಂದು ತುದಿ ಹಿಡಿಯಲು ಮುಂದೆ ಬಂದಳು.

“ಆ ಕುರ್ಚೀಲಿ ಕೂತ್ಕೊಳ್ಳಿ ಸಿನ್ಯೋರಾ.”

ಕೂತಳು. ಕೈ ಸುಮ್ಮನಿರದೆಂದು ತೊಡೆಯ ಕೆಳಗೆ ಸಿಕ್ಕಿಸಿಕೊಂಡಳು. ಅವನು ದಿಂಬುಚೀಲದ ಬಾಯಿ ಬಾಗಿಲ ಕಡೆಗೇ ಬರುವಂತೆ ಇಟ್ಟ. ಅದು ತಪ್ಪು. ಅವಳು ತುಟಿ ಕಚ್ಚಿಕೊಂಡಳು. ಪ್ರತಿ ಸಲ ಬಗ್ಗಿ ಏಳುವಾಗಲೂ ಅವನು ಎಡಗೈಯನ್ನು ಸೊಂಟಕ್ಕೆ ಕೊಡುತ್ತಿದ್ದ. ಮೂವತ್ತಾರು ವರ್ಷ ಅವಳೂ ಹೀಗೆಯೇ ಎದ್ದಿದ್ದಳು. ಅದನ್ನು ಕೂತು ನೋಡಿದವರು ಯಾರೂ ಇರಲಿಲ್ಲ ಎಂದು ಅವಳಿಗೆ ಆಗ ಅನ್ನಿಸಿತು.

ಮೇಲ್ವಿಚಾರಕಿ ಬಂದು ಬಾಗಿಲಲ್ಲೇ ನಿಂತಳು. ಅರ್ಧ ಹಾಸಿದ ಹಾಸಿಗೆ ನೋಡಿದಳು, ಒದ್ದೆ ಟವೆಲ್ ನೋಡಿದಳು.

“ಎಲ್ಲಾ ಅನುಕೂಲ ಆಗಿದೆಯಾ ಸಿನ್ಯೋರಾ?”

“ಆಗಿದೆ. ಮೊದಲೆರಡು ದಿನ ನಾನೇ ಹಾಸ್ದೆ, ಮನೆಯ ಅಭ್ಯಾಸ. ಇವರಷ್ಟು ಚೆನ್ನಾಗಿ ಬರ್ಲಿಲ್ಲ. ಬಿಟ್ಬಿಟ್ಟೆ.”

ಮೇಲ್ವಿಚಾರಕಿ ಕಾಗದದ ಮೇಲೊಂದು ಗೀಟೆಳೆದು ಮುಂದಿನ ಕೋಣೆಗೆ ಹೋದಳು. ಲೋತ್ಫಿ ಉಸಿರು ಬಿಟ್ಟ.

“ಚೆನ್ನಾಗಿ ಸುಳ್ಳು ಹೇಳ್ತೀರಿ.”

“ದಿಂಬು ತಿರುಗಿಸಿಡು” ಎಂದಳು ಅವಳು.

ಅವನು ನಕ್ಕು ತಿರುಗಿಸಿಟ್ಟು, ಗಾಡಿ ತಳ್ಳಿಕೊಂಡು ಹೋದ. ಅವನಿಗೆ ಇನ್ನೂ ಹನ್ನೊಂದು ಕೋಣೆ ಬಾಕಿಯಿದ್ದವು. ನುನ್ಸಿಯಾತಾ ಏಳಬೇಕೆಂದುಕೊಂಡಳು. ಕಾಲು ಬರಲಿಲ್ಲ. ಎಲ್ಲಿತ್ತೋ ಆ ದಣಿವು, ಒಮ್ಮೆಲೇ ಬಂದು ಮೈಮೇಲೆ ಕೂತಿತು. ಕೂತಲ್ಲೇ ನಿದ್ದೆ ಹೋದಳು.

ಮಧ್ಯಾಹ್ನದ ಊಟ ಮುಗಿದ ಮೇಲೆ ಮಫಾಲ್ದಾ ಬಂದು ಅಲುಗಾಡಿಸಿದಳು.

“ಸತ್ತೋದ್ಯೇನೇ?”

“ಇಲ್ಲ. ಸುಸ್ತು.”

“ಅಷ್ಟೊಂದು ಏನ್ ಕೆಲ್ಸ ಮಾಡ್ದೆ?”

“ಏನೂ ಮಾಡ್ಲಿಲ್ಲ ಕಣೇ. ಬಿಡು, ಇನ್ನೊಂದು ಸ್ವಲ್ಪ ಮಲಗ್ತೀನಿ.”

ಮಫಾಲ್ದಾ ಅವಳ ಕಾಲ ಮೇಲೆ ಹೊದಿಕೆ ಎಳೆದಳು. ಹೊರಗೆ ಹಡಗು ಹೋಗುತ್ತಲೇ ಇತ್ತು.

ಲೋತ್ಫಿಯನ್ನು ಮರುವರ್ಷವೂ ಹಡಗಿನ ಕೆಲಸಕ್ಕೆ ಕರೆದರು. ನುನ್ಸಿಯಾತಾ ಈಗಲೂ ಊರಲ್ಲೇ ಇದ್ದಾಳೆ, ಹವಳ ಕೆತ್ತುವವರ ಬೀದಿಯ ಹಿಂದೆ, ಎರಡನೆಯ ಮಹಡಿಯಲ್ಲಿ. ಆ ಕಡೆ ಹೋದರೆ ದಯವಿಟ್ಟು ಅವಳ ಬಾಗಿಲು ತಟ್ಟಿ. ಮಧ್ಯಾಹ್ನ ಮೂರರ ಮೇಲೆ ಹೋಗಿ. ಅದಕ್ಕೂ ಮುಂಚೆ ಅವಳು ಮಲಗಿರುತ್ತಾಳೆ.