ಕಾಸಿಟ್ಟ ಮೂಲಂಗಿ ರಸ

ಕುಂದಗೋಳದ ಸಂತೆಯಲ್ಲಿ ನಮ್ಮ ಕಾಲೇಜಿನ ಕೆಮಿಸ್ಟ್ರಿ ಸರ್ ಒಬ್ಬ ಅಜ್ಜಿಯ ಹತ್ತಿರ ಮಾತ್ರ, ತುದಿ ಮುರಿದು ಮೂಸಿ, ಮೂಲಂಗಿ ಕೊಳ್ಳುತ್ತಿದ್ದರು. ಅದರ ರಸದಲ್ಲಿರುವ ಕಿಣ್ವದಿಂದ ಅವರು ನೀರಿನಲ್ಲಿ ಕರಗುವ, ಕರೆಂಟು ಹರಿಯುವ ಪ್ಲಾಸ್ಟಿಕ್ ಮಾಡುತ್ತಿದ್ದರು. ಬೀಕರಿನ ನೀರು ಹಸಿರಾದರೆ ಗೆದ್ದಂತೆ.

"ಗಡಿಬಿಡಿ ಬ್ಯಾಡ್ರಿ, ಅದರ ಕೆಲಸ ಅದು ಮಾಡತೈತಿ" ಎನ್ನುತ್ತಿದ್ದರು. ಲ್ಯಾಬ್ ಅಟೆಂಡರ್ ಆದ ನನಗೂ ಬಹುವಚನ.

ಒಂದು ದಿನ ಕರೆಂಟು ಹೋಗಿ ಫ್ರಿಜ್ ನಿಂತಿತು. ರಸ ಕೆಟ್ಟೀತೆಂದು, ಮನೆಯಲ್ಲಿ ಹಾಲು ಕಾಸಿಡುವಂತೆ, ಅದನ್ನು ಕುದಿಸಿಟ್ಟೆ. ಮರುದಿನ ನೀರು ಹಸಿರಾಗಲೇ ಇಲ್ಲ.

"ಮೂಲಂಗಿನೇ ಸುಮಾರ ಇತ್ತು ಕಾಣ್ತದರಿ" ಎಂದರು ಸರ್. ಮುಂದಿನ ಸಂತೆಯಿಂದ ಅಜ್ಜಿಯನ್ನು ಬಿಟ್ಟು ಬೇರೆಯವರ ಹತ್ತಿರ ಕೊಳ್ಳತೊಡಗಿದರು.

ಕುದಿಸಿದರೆ ಕಿಣ್ವ ಸಾಯುತ್ತದೆಂದು ಆಮೇಲೆ ಅವರ ಪಾಠದಲ್ಲೇ ಕೇಳಿದೆ. ಆದರೂ ಬಾಯಿ ಬಿಡಲಿಲ್ಲ. ಅವರು ವರ್ಗವಾಗಿ ಹೋದರು.

ಅಜ್ಜಿ ಈಗಲೂ ಸಂತೆಯಲ್ಲಿ ನನ್ನನ್ನು ತಡೆದು ಕೇಳುತ್ತಾಳೆ: "ತಮ್ಮಾ, ನಿಮ್ಮ ಸರ್ ನನ್ನ ಮೂಲಂಗಿ ಯಾಕ ಬಿಟ್ರಪಾ?"